ಅಣಬೆಯೋ ತೊಟ್ಟಿಲೋ

ಸೆಪ್ಟೆಂಬರ್ 8, ಸೋಮವಾರ. ಬೆಳಿಗ್ಗೆ 8.30

ಮಳೆ 6.3 ಮಿ.ಮೀ. ರಾತ್ರಿ ಕನಿಷ್ಠ 19.4. ಗಾಳಿ — ಗೊತ್ತಿಲ್ಲ. ಚಕ್ರ ಮತ್ತೆ ಹಿಡಿದುಕೊಂಡಿದೆ. ಹೊರಗೆ ತೆಂಗಿನ ಗರಿ ತಲೆ ಕೊಡವುತ್ತಿದೆ, ಒಳಗೆ ಡಿಸ್‌ಪ್ಲೇ ಸೊನ್ನೆ ತೋರಿಸುತ್ತಾ ಕೂತಿದೆ. ಮೊನ್ನೆ ಮಧ್ಯಾಹ್ನ 58 ಡಿಗ್ರಿ ಅಂದಿತ್ತು. ಘಾಟಿ ರಸ್ತೆಯ ನಮ್ಮೂರು ಒಂದು ಗಂಟೆ ಕಾಲ ದುಬೈಯನ್ನೂ ಮೀರಿಸಿತ್ತು.

ಮಹಡಿ ಮೇಲಿನ ಈ ಹವಾಮಾನ ಯಂತ್ರದ ಕಾಲ ಮುಗಿಯಿತು. ಐದು ವರ್ಷ ದುಡಿದಿದೆ, ಬೈಯಬಾರದು. ಆದರೆ ಹೊಸದು ಬೇಕು. ಬೇಕೇ ಬೇಕು.

ಮಳೆಯ ನಂಬರ್ ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಮೊದಲ ಥಂಬ್ಸ್ ಅಪ್ ಎಂದಿನಂತೆ ಬೈರೇಶನದು. ರಾತ್ರಿಯೆಲ್ಲ ಏರ್‌ಪೋರ್ಟ್ ಕ್ಯಾಬ್ ಓಡಿಸಿ, ಬೆಳಿಗ್ಗೆ ಬಂದು ನನ್ನ ನಂಬರ್ ನೋಡಿಯೇ ಮಲಗುವುದು. ಅವನ ದ್ರಾಕ್ಷಿ ತೋಟ ನಮ್ಮ ಮನೆಯಿಂದ ಎರಡು ಹೊಲ ಆಚೆ. ಹತ್ತು ಮಿ.ಮೀ. ದಾಟಿದರೆ ಹೊಡೆದ ಔಷಧಿ ತೊಳೆದು ಹೋಯಿತು ಅಂತ ಲೆಕ್ಕ, ಅವತ್ತೇ ಮತ್ತೆ ಹೊಡೆಯಬೇಕು. ಇಲ್ಲದಿದ್ದರೆ ಡೌನಿ — ಎಲೆ ಹಿಂದೆ ಬಿಳಿ ಬೂಜು, ವಾರದಲ್ಲಿ ತೋಟ ಖಾಲಿ. ಸರ್ಕಾರದ ಮಳೆ ಮಾಪಕ ಹೋಬಳಿಯಲ್ಲಿದೆ. ಮಾಕಳಿ ಬೆಟ್ಟದ ಆ ಕಡೆ ಸುರಿದರೆ ಈ ಕಡೆ ಧೂಳು. ಅವರ ನಂಬರ್ ಕಟ್ಟಿಕೊಂಡು ಇವನೇನು ಮಾಡಿಯಾನು.

ಈ ಹೊತ್ತಿಗೆ ಬಸ್ಸು ಬಂದಿರುತ್ತದೆ. ಓಡಬೇಕು.

ಸೆ. 10. ರಾತ್ರಿ ಊಟ ಆದಮೇಲೆ

ಹದಿನೇಳು ವಿಡಿಯೋ ನೋಡಿದೆ. ಮಲಯಾಳಂ ಒಂದು, ಜರ್ಮನ್ ಒಂದು. ಅರ್ಥವಾಗದಿದ್ದರೂ ಖುಷಿ.

ಕೊನೆಗೆ ಉಳಿದದ್ದು ಎರಡು.

ಒಂದು ಅಣಬೆ. ನೋಡಲು ಹಾಗೇ ಇದೆ — ಬಿಳಿ ಕಾಲು, ಬಿಳಿ ತಲೆ. ತಿರುಗುವ ಚಕ್ರ ಇಲ್ಲ, ನೀರು ಹಿಡಿಯುವ ಬಾಯಿ ಇಲ್ಲ. ಹನಿ ತಲೆ ಮೇಲೆ ಬಿದ್ದ ಪೆಟ್ಟನ್ನೇ ಎಣಿಸಿ ಮಳೆ ಹೇಳುತ್ತದಂತೆ. ಕಸ ಕಟ್ಟಿಕೊಳ್ಳುವ ಮಾತೇ ಇಲ್ಲ.

ಇನ್ನೊಂದು ತೊಟ್ಟಿಲು. ಮೇಲೆ ಬಟ್ಟಲು, ಬಟ್ಟಲ ತಳದಲ್ಲಿ ಸಣ್ಣ ತೂತು, ಒಳಗೆ ಪುಟಾಣಿ ತೊಟ್ಟಿಲು. ನೀರು ತುಂಬಿದರೆ ಆ ಕಡೆ ವಾಲುತ್ತದೆ, ಮತ್ತೆ ತುಂಬಿದರೆ ಈ ಕಡೆ. ಒಂದು ಸಲ ವಾಲಿದರೆ 0.2 ಮಿ.ಮೀ. ಜೊತೆಗೆ ಎಲೆ ಎಷ್ಟು ಹೊತ್ತು ಒದ್ದೆ ಇತ್ತು ಅಂತ ಹೇಳುವ ಸೆನ್ಸರ್ ಬೇರೆ ಸಿಗುತ್ತದೆ. ಎಲೆ! ಯಂತ್ರಕ್ಕೆ ಒಂದು ಎಲೆ!

ಅಂಬರೀಶ್‌ಗೆ ತೋರಿಸಿದೆ. ಗಾರ್ಮೆಂಟ್ಸ್‌ನಲ್ಲಿ ದಿನವೆಲ್ಲ ಕಾಲರ್ ಎಣಿಸಿ ಬಂದವರು, ಕಣ್ಣು ಮುಚ್ಚಿಕೊಂಡೇ ನೋಡಿದರು.

"ಯಾವ್ದಾದ್ರೂ ಒಂದು ತಗೋ ಪ್ರಮೋದಾ. ನಮ್ ಮದ್ವೆಗೂ ಇಷ್ಟು ಯೋಚ್ನೆ ಮಾಡ್ಲಿಲ್ಲ ನೀನು."

"ಅದಕ್ಕೇರೀ ಈ ಸಲ ಮಾಡ್ತಿರೋದು."

ನಕ್ಕರು. ಪಾಪ, ಒಳ್ಳೆಯವರು.

ಸೆ. 12

ಅಣಬೆ. ತೀರ್ಮಾನ ಆಯಿತು.

ಸೆ. 12, ಸಂಜೆ

ತೀರ್ಮಾನ ಆಗಿಲ್ಲ.

ಸೆ. 14, ಭಾನುವಾರ

ದೇವನಹಳ್ಳಿ ಕಡೆ, ಚನ್ನರಾಯಪಟ್ಟಣ ಹೋಬಳಿಗೆ ಹೋಗಿ ಬಂದೆ. ರಿಟೈರ್ಡ್ ಮೇಷ್ಟ್ರು ಆದಿನಾರಾಯಣಪ್ಪನವರ ಮಹಡಿ ಮೇಲೆ ಅಣಬೆ ಇದೆ ಅಂತ ಆನ್‌ಲೈನ್ ಮ್ಯಾಪಿನಲ್ಲಿ ಕಂಡುಹಿಡಿದಿದ್ದೆ. ಗುರುತಿಲ್ಲ ಪರಿಚಯವಿಲ್ಲ, ಫೋನ್ ಮಾಡಿ ಹೋಗಿಬಿಟ್ಟೆ. ಅಂಬರೀಶ್ ಬೈಕ್ ನಿಲ್ಲಿಸಿ ರಸ್ತೆಯಲ್ಲೇ ಉಳಿದರು, ನಾಚಿಕೆಯಂತೆ.

ಮೇಷ್ಟ್ರಿಗೋ ನನಗಿಂತ ಹುಚ್ಚು. ಕಾಫಿ ಆರಿಹೋಯಿತು, ಇಬ್ಬರಿಗೂ ನೆನಪಿಲ್ಲ. ನಾವು ನೋಡುತ್ತಿದ್ದಂತೆಯೇ ಕಾಗೆಯೊಂದು ಬಂದು ಅಣಬೆ ತಲೆ ಮೇಲೆ ಕೂತು ಕುಕ್ಕಿತು. ಕೆಳಗೆ ಡಿಸ್‌ಪ್ಲೇಯಲ್ಲಿ ಮಳೆ 0.4.

"ನೋಡಮ್ಮ, ಕಾಗೆ ಮಳೆ" ಅಂದರು. "ಜೋರು ಗಾಳಿ ಬೀಸಿ ಕಂಬ ಅಲ್ಲಾಡಿದ್ರೂ ಅಷ್ಟೆ. ಆದ್ರೆ ನನಗೆ ಮೊಣಕಾಲು ನೋವು, ಏಣಿ ಹತ್ತಂಗಿಲ್ಲ. ಚಾಕರಿ ಇಲ್ದೆ ಇರೋದು ಇದೇ. ನೀನು ತೊಟ್ಟಿಲು ತಂದ್ರೆ ಅದಕ್ಕೆ ದಿನಾ ಬಾಯಿ ತೊಳೀಬೇಕು."

ತೊಳೆಯುತ್ತೇನೆ. ಇಬ್ಬರು ಮಕ್ಕಳ ಬಾಯಿ ತೊಳೆದಿದ್ದೇನೆ, ಇದೇನು ದೊಡ್ಡದು.

ಸೆ. 16

ಬೈರೇಶ ಸಂಜೆ ಬಂದಿದ್ದ. ತೋಟ ಕಟಿಂಗ್ ಮಾಡಿ ಮುಗಿಸಿದನಂತೆ. ಇನ್ನು ಹೊಸ ಚಿಗುರು ಬರುತ್ತದೆ, ಇನ್ನು ನಲವತ್ತು ದಿನ ಜೀವ ಕೈಯಲ್ಲಿ. ಹಿಂದಿನ ಎರಡು ಬೆಳೆಯೂ ಡೌನಿಗೆ ಹೋಯಿತು.

"ಇದೇ ಕೊನೆ ಅಕ್ಕ. ಈ ಸಲ ಕೈ ಕೊಟ್ರೆ ಚಪ್ಪರ ಕಿತ್ತಾಕಿ ಶೆಡ್ ಹಾಕಿಸ್ಬಿಡ್ತೀನಿ. ಗೋಡೌನ್‌ಗೆ ಕೇಳ್ತಾವ್ರೆ. ತಲೆನೋವಿಲ್ಲ."

ನಗುನಗುತ್ತಲೇ ಹೇಳಿದ. ಅವನ ತಾತ ಒಂದೊಂದೇ ಕಲ್ಲಿನ ಕಂಬ, ಕಲ್ಲುಕೂಚ, ಎತ್ತಿನ ಗಾಡಿಯಲ್ಲಿ ತಂದು ನೆಟ್ಟ ಚಪ್ಪರ. ನನಗೆ ಸಂಕಟವಾಯಿತು. ಹಾಗೆಂದು ಹೇಳಿದೆ ಕೂಡ. ಅವನು ಕಾಫಿ ಕುಡಿದು ಲೋಟ ಕೆಳಗಿಟ್ಟ.

"ಯಾವ್ದು ತರ್ತಿದ್ದೀರಾ?" ಅಂದ ಆಮೇಲೆ. ಎರಡನ್ನೂ ವಿವರಿಸಿದೆ. ಅತ್ತೆ ಬೆಳ್ಳುಳ್ಳಿ ಸುಲಿಯುತ್ತಾ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಕೊನೆಗೆ ಅತ್ತೆ ಮುತ್ಯಾಲಮ್ಮನವರ ತೀರ್ಪು:

"ನೀರೇ ಹಿಡೀದೆ ಇದ್ಮೇಲೆ ಅಳೆಯೋದೇನ್ ಬಂತು? ತಲೆ ಮೇಲೆ ಬಿದ್ದ ಏಟು ಎಣ್ಸೋಕೆ ಅದೇನು ಪೊಲೀಸ್ ಸ್ಟೇಷನ್ನಾ?"

ಬೈರೇಶ ಬಿದ್ದು ಬಿದ್ದು ನಕ್ಕ. ನನಗೂ ಒಳಗೊಳಗೇ ಅದೇ ಅನಿಸಿತ್ತು. ಕಾಗೆ ಕೂತಾಗಲೆಲ್ಲ ಇವನು ಔಷಧಿ ಹೊಡೆಯುವ ಮೋಟಾರ್ ಹೊತ್ತು ತೋಟಕ್ಕೆ ಓಡುವುದೇ? ತೊಟ್ಟಿಲೇ ಸರಿ. ಎಲೆ ಸೆನ್ಸರ್ ಜೊತೆಗೆ.

ಆರ್ಡರ್ ಮಾಡಿಬಿಟ್ಟೆ. ವಿಳಾಸ ನಾನು ಕೆಲಸ ಮಾಡುವ ಪೋಸ್ಟ್ ಆಫೀಸಿನದೇ ಕೊಟ್ಟೆ.

ಸೆ. 25, ಗುರುವಾರ. ಆಫೀಸಿನಲ್ಲಿ, ಕದ್ದು

ಬಂತು!! ನನ್ನ ಕೌಂಟರಿಗೇ ನನ್ನ ಪಾರ್ಸೆಲ್. ಇಪ್ಪತ್ತೆರಡು ವರ್ಷ ಊರವರ ಪಾರ್ಸೆಲ್ ಸ್ಕ್ಯಾನ್ ಮಾಡಿದ್ದೇನೆ, ಇಂದು ನನ್ನದು. "ಮೇಡಂ, ಒಳಗೇನು?" ಅಂತ ಜೊತೆಯ ಅಕ್ಷತ ಕೇಳಿದಳು. "ಹವಾಮಾನ" ಅಂದೆ. ಅವಳು ನನ್ನನ್ನು ನೋಡಿದ ರೀತಿ...

ಬಾಕ್ಸ್ ತಬ್ಬಿಕೊಂಡು ಕೂತಿದ್ದೇನೆ. ಐದು ಗಂಟೆ ಯಾಕೆ ಆಗುತ್ತಿಲ್ಲ.

ಸೆ. 28, ಭಾನುವಾರ

ಕಟ್ಟಿದೆವು. ಮಹಡಿ ಮೇಲೆ, ನೀರಿನ ಟ್ಯಾಂಕಿಗೆ ದೂರ. ಅಂಬರೀಶ್ ಮಟ್ಟಗೋಲು ಇಟ್ಟು ನೋಡಿದರು — ಕಾಲರ್ ಹೊಲಿಗೆ ನೋಡುವ ಕಣ್ಣು, ಒಂದು ಕೂದಲೆಳೆ ವಾಲಿದ್ದರೂ ಬಿಡಲಿಲ್ಲ. ಚೊಂಬಿನಿಂದ ಅಳೆದು ನೀರು ಬಿಟ್ಟೆ. ಟಿಕ್. ಟಿಕ್. ಕಿವಿ ಇಟ್ಟರೆ ಕೇಳಿಸುತ್ತದೆ. ಅತ್ತೆಯನ್ನೂ ಕರೆದು ಕೇಳಿಸಿದೆ. "ಹಲ್ಲಿ ಲೊಚಗುಟ್ಟಿದಂಗೆ" ಅಂದರು.

ಮ್ಯಾಪಿನಲ್ಲಿ ನಮ್ಮೂರಿನ ಚುಕ್ಕಿ ಬಂದಿದೆ. ಹಸಿರು ಚುಕ್ಕಿ. ನೋಡಿದ್ದನ್ನೇ ಎಷ್ಟು ಸಲ ನೋಡುವುದು. ಫೋನ್ ಚಾರ್ಜ್ ಎರಡು ಪರ್ಸೆಂಟ್.

ಅಕ್ಟೋಬರ್ 1, ಬುಧವಾರ. ಆಯುಧ ಪೂಜೆ

ಬೈಕು, ಮಿಕ್ಸಿ, ಈಳಿಗೆಮಣೆ, ಹೊಲಿಗೆ ಮಿಷನ್ — ಎಲ್ಲ ತೊಳೆದು, ಕುಂಕುಮ ಇಟ್ಟು, ಕೊನೆಗೆ ಮೆರವಣಿಗೆ ಮಹಡಿಗೆ. ಈ ವರ್ಷದ ಮುಖ್ಯ ಆಯುಧ ಇದೇ ತಾನೇ! ಕಂಬಕ್ಕೆ ಬಾಳೆಕಂದು ಕಟ್ಟಿದೆ. ಮೂರು ಬೆರಳ ವಿಭೂತಿ. ಚೆಂಡು ಹೂವಿನ ಹಾರ. ನೆತ್ತಿಗೆ ಒಂದು ದೊಡ್ಡ ಚೆಂಡು ಹೂವು. ಅತ್ತೆ ಅಕ್ಷತೆ ಹಾಕಿ ಮಂಗಳಾರತಿ ಎತ್ತಿದರು. ಅಂಬರೀಶ್ ಬೂದುಗುಂಬಳ ಒಡೆದರು. ಫೋಟೋ ಗ್ರೂಪಿಗೆ ಹಾಕಿದೆ, ಮೂವತ್ತು ಜನ ಕೈ ಮುಗಿದಿದ್ದಾರೆ. ಆದಿನಾರಾಯಣಪ್ಪ ಮೇಷ್ಟ್ರಿಗೂ ಕಳಿಸಿದೆ. ಅವರಿಂದ ಮಾತ್ರ ಒಂದು ಪ್ರಶ್ನಾರ್ಥಕ ಚಿಹ್ನೆ. ಏನು ಅಂತ ಕೇಳಲು ಪುರುಸೊತ್ತಿಲ್ಲ.

ಬೈರೇಶ ಇವತ್ತು ಔಷಧಿ ಹೊಡೆದು ಮುಗಿಸಿದ. ಚಿಗುರು ಗೇಣುದ್ದ ಬಂದಿದೆ. ನಾಳೆ ನಾನು ಹೊಸಕೋಟೆಗೆ, ಅಮ್ಮನ ಮನೆಗೆ. ಎರಡು ದಿನ. ನಂಬರ್ ಅಲ್ಲಿಂದಲೇ ಹಾಕುತ್ತೇನೆ — ಆ್ಯಪ್ ಇದೆಯಲ್ಲ!

ಅ. 3, ಶುಕ್ರವಾರ. ಹೊಸಕೋಟೆ. ಬೆಳಿಗ್ಗೆ 8.30

ಅಮ್ಮನ ಮನೆ ಜಗುಲಿಯಲ್ಲಿ ಕೂತು ನಮ್ಮೂರ ಮಳೆ ಓದುತ್ತಿದ್ದೇನೆ. ರಾತ್ರಿ ಬಂದಿದೆ, 3.2. ಹತ್ತು ದಾಟಿಲ್ಲ. ಗ್ರೂಪಿಗೆ: "3.2. ಮತ್ತೆ ಔಷಧಿ ಬೇಡ." ಬೈರೇಶನ ಥಂಬ್ಸ್ ಅಪ್. ಅವನ ಹೆಂಡತಿ ರಮ್ಯ ತವರಿಗೆ ಹೋಗಿದ್ದಾಳೆ, ನೆಮ್ಮದಿಯಾಗಿ ಮಲಗುತ್ತಾನೆ.

ಎಂಥ ಕಾಲ ಬಂತು ನೋಡು.

ಅದೇ ದಿನ. ಬಸ್ಸಿನಲ್ಲಿ. ಅಕ್ಷರ ಅಲ್ಲಾಡುತ್ತಿದೆ

ಹನ್ನೊಂದಕ್ಕೆ ಆ್ಯಪ್ ನೋಡಿದರೆ 5.0. ಹನ್ನೊಂದೂವರೆಗೆ 5.8. ಬಿಸಿಲಿನ ಗೆರೆ ಮೇಲೆ ಮೇಲೆ, ಮಳೆಯೂ ಮೇಲೆ. ಬಿಸಿಲು ಮಳೆ, ಕಾಗೆ ನರಿ ಮದುವೆ ಇರಬೇಕು ಅಂದುಕೊಂಡು ಅತ್ತೆಗೆ ಫೋನ್ ಮಾಡಿದೆ.

"ಮಳೆನಾ? ಬೆಂಕಿ ಬಿಸ್ಲು ಕಣೆ. ಮಿಲ್ಲಿಗೆ ಅಂತ ತೊಳ್ದ ರಾಗಿ ಒಣಗಾಕಿವ್ನಿ."

"ರಾತ್ರಿ ಎಷ್ಟು ಬಂತತ್ತೆ?"

"ಸುರೀತಮ್ಮ. ಮಹಡಿ ಮೇಲೆ ಸ್ಟೀಲ್ ಡಬ್ಬಿ ಮರ್ತಿದ್ದೆ, ಎರಡು ಬೆರಳು ನಿಂತಿತ್ತು."

ಎರಡು ಬೆರಳು ಅಂದರೆ ಮೂವತ್ತು ಮಿ.ಮೀ.ಗೆ ಕಡಿಮೆ ಇಲ್ಲ. ಫೋನ್ ಕಿವಿಗಿಟ್ಟುಕೊಂಡೇ ಬ್ಯಾಗ್ ಎತ್ತಿಕೊಂಡೆ. ಬಟ್ಟಲ ತೂತು ಕಟ್ಟಿಕೊಂಡಿದೆ. ನಿಂತ ನೀರು ಈಗ ತೊಟ್ಟು ತೊಟ್ಟಾಗಿ ಇಳಿಯುತ್ತಿದೆ.

"ಅಕ್ಷತೆ ಹಾಕಿದ್ರಲ್ಲ ಅತ್ತೆ, ತೂತಿಗೆ ಹೋಗಿ ಕೂತಿದೆ" ಅಂದೆ, ಸಿಟ್ಟಿನಲ್ಲೇ. ಅವರು ಮೇಲೆ ಹತ್ತಿ ನೋಡಿದರು. ಏದುಸಿರು ಕೇಳಿಸುತ್ತಿತ್ತು.

"ಅಕ್ಕಿಕಾಳು ನಾಕೈತೆ. ಮಿಕ್ಕಿದ್ದೆಲ್ಲ ಚೆಂಡೂವಿನ ಎಸ್ಳು, ಕೊಳ್ತು ಅಂಟ್ಕೊಂಡೈತೆ. ಬಾಯಿಗೆ ಹೂ ಮಡಗ್ದೋಳು ಯಾರೆ? ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ."

ನಾನೇ. ನೆತ್ತಿ ಅಂತ ಇಟ್ಟದ್ದು ಬಾಯಿ. ಬೈಕಿನ ಹ್ಯಾಂಡಲ್‌ಗೆ ಇಟ್ಟ ಹಾಗೆ ಇಟ್ಟೆ. ನಮ್ಮ ಮನೆಯಲ್ಲಿ ಯಂತ್ರಕ್ಕೆ ಹೂ ಇಡದವರು ಯಾರಿದ್ದಾರೆ. ಆದರೂ ನಾನು ಓದಿದವಳು. ಹದಿನೇಳು ವಿಡಿಯೋ ನೋಡಿದವಳು.

ಬೈರೇಶನ ಫೋನ್ ಆಫ್. ಮಲಗಿದ್ದಾನೆ, ನನ್ನ ಮಾತು ನಂಬಿ. ಚಿಗುರೆಲೆ, ಒಂದು ರಾತ್ರಿ ಪೂರ್ತಿ ಒದ್ದೆ (ಎಲೆ ಸೆನ್ಸರ್ ಹೇಳಿತ್ತು, ನಾನು ನೋಡಲಿಲ್ಲ), ಮೇಲೆ ಔಷಧಿ ಇಲ್ಲ. ಅತ್ತೆಗೆ ಮತ್ತೆ ಫೋನ್ ಮಾಡಿ, ಹೋಗಿ ಎಬ್ಬಿಸಿ ಅಂದೆ. ತಮ್ಮ ಮೊಣಕಾಲು, ಬಿಸಿಲು, ಒಣಗಾಕಿದ ರಾಗಿ — ಅತ್ತೆ ಯಾವ ನೆಪವನ್ನೂ ಹೇಳಲಿಲ್ಲ. "ಇಕ್ಕು ಫೋನು" ಅಂದರು.

ದೇವನಹಳ್ಳಿ ಬಂತು. ಇನ್ನೂ ಮುಕ್ಕಾಲು ಗಂಟೆ.

ಅ. 3, ಸಂಜೆ

ಬಾಗಿಲು ತೆಗೆಯಲಿಲ್ಲವಂತೆ. ಅತ್ತೆ ಕಿಟಕಿಯ ಒಳಗೆ ಚೊಂಬು ನೀರು ಎರಚಿದರಂತೆ, ಅವನ ಮುಖಕ್ಕೇ. ನಾನು ಬಸ್ಸಿಳಿದು ತೋಟಕ್ಕೆ ಓಡಿದರೆ ಮೋಟಾರ್ ಸದ್ದು. ಬೈರೇಶ ಔಷಧಿ ಹೊಡೆಯುತ್ತಿದ್ದಾನೆ, ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಪೈಪು ಎಳೆದು ಕೊಡುತ್ತಿದ್ದಾರೆ. ನಾನೂ ಪೈಪು ಹಿಡಿದೆ. ಹಬ್ಬದ ಸೀರೆಯಲ್ಲಿ ಸುಣ್ಣ ಮೈಲುತುತ್ತದ ಬೋರ್ಡೋ ಔಷಧಿಯ ನೀಲಿ, ಹೋಗುವ ಹಾಗೆ ಕಾಣುವುದಿಲ್ಲ. ಹೋಗದಿದ್ದರೆ ಇರಲಿ.

ಮುಗಿದಮೇಲೆ ಹೇಳಿದೆ. ಹೂವಿನ ವಿಷಯ, ಪೂರ್ತಿ. ಬೈರೇಶ ಮಾಸ್ಕ್ ತೆಗೆದ. ಬೈದಿದ್ದರೆ ಚೆನ್ನಾಗಿತ್ತು.

"ಅರ್ಧ ದಿನ ಲೇಟು ಅಕ್ಕ. ಏನಾಯ್ತದೆ ಅಂತ ವಾರ ಬಿಟ್ಟು ಎಲೇನೇ ಹೇಳ್ಬೇಕು" ಅಂದು ಕೈ ತೊಳೆಯಲು ಹೋದ.

ಅ. 4

ಮಳೆ 0.0. ಗ್ರೂಪಿಗೆ ಹಾಕಲಿಲ್ಲ. ಯಾವ ಮುಖ ಇಟ್ಟುಕೊಂಡು ಹಾಕುವುದು.

ಬಟ್ಟಲಿಗೆ ಜಾಲರಿ ಕಟ್ಟಿದೆ. ಪೇಪರ್ ಕ್ಲಿಪ್ ಬಿಡಿಸಿ ತೂತು ಕೆರೆದೆ. ಚೊಂಬಿನಿಂದ ಮೂರು ಸಲ ಅಳೆದು ಬಿಟ್ಟು ನೋಡಿದೆ, ಮೂರು ಸಲವೂ ಸರಿ. ಯಂತ್ರದ್ದು ಏನೂ ತಪ್ಪಿಲ್ಲ, ಮುದ್ದು.

ಅ. 7

0.8. ಹಾಕಲಿಲ್ಲ.

ಬೈರೇಶನ ತೋಟದ ಬೇಲಿ ಪಕ್ಕ ಹೋಗಿ ಬಂದೆ, ಒಳಗೆ ಹೋಗಲಿಲ್ಲ. ಅಲ್ಲೇ ಕೈಗೆಟುಕಿದ ಒಂದೆಲೆ ತಿರುಗಿಸಿದೆ. ಏನೂ ಇಲ್ಲ. ಇನ್ನೂ ಬೇಗ.

ಅ. 11, ಶನಿವಾರ

ಬೆಳಿಗ್ಗೆ 8.40ಕ್ಕೆ ಫೋನ್. ಬೈರೇಶ. "ತೋಟಕ್ಕೆ ಬನ್ನಿ ಅಕ್ಕ, ಈಗ್ಲೇ." ಅಷ್ಟೆ, ಇಟ್ಟ.

ಒಲೆ ಆರಿಸಿದೆನೋ ಇಲ್ಲವೋ ಗೊತ್ತಿಲ್ಲ. ದಾರಿಯಲ್ಲೆಲ್ಲ ಗೋಡೌನ್ ಶೆಡ್ಡೇ ಕಣ್ಣ ಮುಂದೆ. ಚಪ್ಪರದ ಕೆಳಗೆ ಬಗ್ಗಿ ಹೋದೆ. ಅವನು ಎಲೆ ತಿರುಗಿಸಿ ತಿರುಗಿಸಿ ತೋರಿಸುತ್ತಾ ನಡೆದ. ಹಸಿರು. ಹಸಿರು. ಹಸಿರು. ಬದುವಿನ ಕಡೆ ಒಂದು ಬಳ್ಳಿಯಲ್ಲಿ ನಾಲ್ಕು ಎಲೆ ಬೂಜು ಹಿಡಿದಿತ್ತಂತೆ, ಕಿತ್ತು ಸುಟ್ಟನಂತೆ. ಉಳಿದದ್ದೆಲ್ಲ ಸ್ವಚ್ಛ. ಸಾಸಿವೆ ಕಾಳಿನಂಥ ಮೊಗ್ಗಿನ ಗೊಂಚಲು ಇಣುಕುತ್ತಿದೆ. ನನಗೆ ಅಳು ಬಂತು, ಅತ್ತುಬಿಟ್ಟೆ. ತವರಿನಿಂದ ಬಂದಿದ್ದ ರಮ್ಯ ಸೆರಗು ಕೊಟ್ಟಳು.

ತೋಟದ ಮಧ್ಯೆ ಹಸಿ ಮಣ್ಣು. ಹೊಸ ಕಲ್ಲುಕೂಚ, ಚಪ್ಪರ ದಾಟಿ ಒಂದಾಳು ಮೇಲೆ ನಿಂತಿದೆ. ರಾತ್ರಿ ಡ್ಯೂಟಿ ಬಿಟ್ಟು ನೆಟ್ಟಿದ್ದಾನೆ.

"ತೊಟ್ಟಿಲು ಇಲ್ಲಿಗೆ ತನ್ನಿ ಅಕ್ಕ. ಹೂ ಇಡ್ಬೇಕಂದ್ರೂ ನಿಮ್ಗೆ ಎಟುಕ್ಬಾರ್ದು."

"ಹೋಗ್ಲಿ ಬೈರೇಶ, ನಾಳೆ ಶೆಡ್ ಕಟ್ಟಿಸ್ದಾಗ ಈ ಕಲ್ಲು ಅಡ್ಡ ಆಗಲ್ವಾ?"

"ಯಾವ ಶೆಡ್ಡು?" ಅಂದ. ಕಲ್ಲಿನ ಬುಡ ತುಳಿದು ಮಣ್ಣು ಗಟ್ಟಿ ಮಾಡುತ್ತಾ, ತಲೆ ಎತ್ತದೆ. ಆಮೇಲೆ, "ವಾರದಿಂದ ನಂಬರ್ ಹಾಕಿಲ್ಲ ನೀವು. ನಂಗೆ ಹಗಲು ನಿದ್ದೆ ಬರ್ತಿಲ್ಲ."

ಅ. 12, ಭಾನುವಾರ. ಬೆಳಿಗ್ಗೆ 8.30

ಬೈರೇಶ ಏಣಿ, ಸ್ಪ್ಯಾನರ್ ಸಮೇತ ಗೇಟಿನಲ್ಲಿ ನಿಂತಿದ್ದಾನೆ. ಅಂಬರೀಶ್ ಮಟ್ಟಗೋಲು ಹುಡುಕುತ್ತಿದ್ದಾರೆ. ಬಿಚ್ಚುವ ಮೊದಲು ಮಹಡಿಯಲ್ಲಿ ಕೊನೆಯ ನಂಬರ್ — ಗ್ರೂಪಿಗೂ ಹಾಕಿದೆ, ಹಾಕಿ ಎರಡು ಸೆಕೆಂಡ್ ಆಗಿಲ್ಲ, ಗೇಟಿನಿಂದಲೇ ಥಂಬ್ಸ್ ಅಪ್! ಮಳೆ 2.6 ಮಿ.ಮೀ.