ಬದುವಿನ ದಾರಿ

ಶಿಡ್ಲಘಟ್ಟ ತಾಲ್ಲೂಕು
19 ನವೆಂಬರ್ 1989, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗ ಜಯಶೀಲನಿಗೆ,

ಕರ್ತನ ಕೃಪೆ ನಿನ್ನ ಮೇಲೂ ಎಸ್ತರಳ ಮೇಲೂ ನನ್ನ ಪುಟ್ಟ ಮೊಮ್ಮಗಳ ಮೇಲೂ ಇರಲಿ. ನಿನ್ನ ಕಾಗದ ಬಂದು ಒಂದು ತಿಂಗಳಾಗುತ್ತಾ ಬಂತು. ಉತ್ತರ ಬರೆಯದೆ ಕೂತೆ ಅಂತ ಬೇಸರ ಮಾಡಿಕೊಳ್ಳಬೇಡ. ನನಗೇನೂ ಆಗಿಲ್ಲ, ಗುಂಡುಕಲ್ಲಿನ ಹಾಗಿದ್ದೇನೆ. ಹೇಳಬೇಕಾದ ಸಮಾಚಾರ ಇನ್‌ಲ್ಯಾಂಡ್ ಕಾಗದದಲ್ಲಿ ಹಿಡಿಯುವುದಿಲ್ಲ ಅಂತ ಕವರ್ ತರಿಸಿಕೊಂಡು ಈಗ ಕೂತಿದ್ದೇನೆ. ನಿನ್ನ ತಂಗಿ ಸುಗುಣ ಪಕ್ಕದಲ್ಲೇ ನಿಂತು, "ಅಣ್ಣ ಇದನ್ನ ಅರ್ಧ ಓದಿ ಹರಿದಾಕ್ತಾನೆ ಕಣಮ್ಮ" ಅನ್ನುತ್ತಿದ್ದಾಳೆ. ಹರಿಯುವುದಾದರೆ ಪೂರ್ತಿ ಓದಿ ಹರಿಯಪ್ಪ.

ಈ ಸಲ ನಮ್ಮ ರೇಷ್ಮೆ ಹುಳು ಎಳೆಯವಿದ್ದಾಗಲೇ ರೋಗ ಬಂದು ಹೋದವು. ಎಲ್ಲವನ್ನೂ ಗುಂಡಿಗೆ ಹಾಕಿ ಮುಚ್ಚಿ, ತಟ್ಟೆಗಳನ್ನು ತೊಳೆದು ಬಿಸಿಲಿಗಿಟ್ಟೆವು. ತೋಟದಲ್ಲಿ ಸೊಪ್ಪು ಮಾತ್ರ ಹಸಿರಾಗಿ ನಿಂತಿತ್ತು, ತಿನ್ನುವವರಿರಲಿಲ್ಲ. ಆ ಹೊತ್ತಿಗೆ ಆವಲಪ್ಪನ ಮನೆಯಲ್ಲಿ ಹುಳು ನಾಲ್ಕನೇ ಜ್ವರ ಮುಗಿಸಿ, ಪೊರೆ ಕಳಚಿ ಎದ್ದಿದ್ದವು. ಎದ್ದ ಮೇಲೆ ಅವುಗಳ ಹಸಿವು ಹೇಗಿರುತ್ತದೆ ಅಂತ ನಿನಗೆ ಹೇಳಬೇಕಾಗಿಲ್ಲ. ಅದೇ ದಿನ ಅವನ ಪಕ್ಕದ ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆಸಿದ್ದಾರೆ. ಗಾಳಿ ತಿರುಗಿ ಪೂರಾ ಅವನ ಸೊಪ್ಪಿನ ಮೇಲೆ ಬಿದ್ದಿದೆ. ಆ ಸೊಪ್ಪು ಹಾಕಿದರೆ ಹುಳು ಸಾಯುತ್ತವೆ, ಹಾಕದಿದ್ದರೂ ಸಾಯುತ್ತವೆ. ಊರಲ್ಲಿ ಎಲ್ಲರ ಮನೆಯಲ್ಲೂ ಹುಳು ದೊಡ್ಡವಾಗಿದ್ದವು, ಒಂದು ಹೊರೆ ಸೊಪ್ಪನ್ನು ಯಾರೂ ಬಿಡುವ ಹಾಗಿರಲಿಲ್ಲ.

ಆವಲಪ್ಪನ ಹೆಸರು ನೋಡಿದ ತಕ್ಷಣ ನಿನ್ನ ಮುಖ ಹೇಗಾಗಿರುತ್ತದೆ ಅಂತ ನನಗೆ ಗೊತ್ತು. ನಾನೇನು ಮರೆತಿದ್ದೇನೆಯೇ? ನಿಮ್ಮಪ್ಪನ ಶವದ ಪೆಟ್ಟಿಗೆಯನ್ನು ನೀವೆಲ್ಲ ಸಮಾಧಿಗೆ ಹೊತ್ತು ಹೊರಟಾಗ ಅವನು ಬದುವಿಗೆ ಮುಳ್ಳು ಎಳೆದು ಅಡ್ಡ ನಿಂತಿದ್ದ. "ಹುಳು ಜ್ವರದಾಗವೆ. ಹೆಣ ಈ ಕಡೆ ದಾಟಿದ್ರೆ ಮೈಲಿಗೆಗೆ ಬೆಳೆ ಹೋಗ್ತದೆ. ಕೆರೆ ಕಡೆಯಿಂದ ತಗೊಂಡೋಗಿ" ಅಂದ. ಅವರ ಜನದ ಹೆಣ ಅದೇ ಬದುವಿನ ಮೇಲೆ ಹೋದಾಗ ಯಾವ ಹುಳುವೂ ಸತ್ತಿರಲಿಲ್ಲ. ನೀನು ಸೊಂಟಮಟ್ಟದ ಕೆರೆ ನೀರಲ್ಲಿ ಅಪ್ಪನನ್ನು ಹೆಗಲ ಮೇಲೆ ಹೊತ್ತು ನಡೆದೆ. ಆ ಸಂಜೆಯೇ, ಇವನಿರುವ ಊರಲ್ಲಿ ಒಂದು ಲೋಟ ನೀರೂ ಮುಟ್ಟುವುದಿಲ್ಲ ಅಂತ ಹೇಳಿ ಗೌರಿಬಿದನೂರಿನ ಬಸ್ಸು ಹತ್ತಿದೆ. ನಾನು ತಡೆಯಲಿಲ್ಲ. ತಡೆಯುವ ಮನಸ್ಸೂ ನನಗಿರಲಿಲ್ಲ.

ಔಷಧಿ ಬಿದ್ದ ಮಾರನೆಯ ಬೆಳಿಗ್ಗೆ ಕಸ ಗುಡಿಸುತ್ತಿದ್ದೆ. ಆವಲಪ್ಪನ ಹೆಂಡತಿ ಅಶ್ವತ್ಥಮ್ಮ ಬೇಲಿ ಆಚೆ ಬಂದು ನಿಂತಳು. ಕಣ್ಣು ನಮ್ಮ ತೋಟದ ಸೊಪ್ಪಿನ ಮೇಲಿತ್ತು. "ಒಳಗೆ ಬಾಮ್ಮ, ಮಾತಾಡಿಸಬೇಡ" ಅಂತ ಸುಗುಣ ನನ್ನ ಸೆರಗು ಎಳೆದಳು.

ಒಂದು ವಿಷಯ ಹೇಳುತ್ತೇನೆ, ನಗಬೇಡ. ಸಭೆಯಲ್ಲಿ ಎಲ್ಲರೂ ಕರ್ತನ ಪ್ರಾರ್ಥನೆ ಹೇಳುವಾಗ, ತಪ್ಪು ಮಾಡಿದವರನ್ನು ಕ್ಷಮಿಸುವ ಆ ಸಾಲು ಬಂದರೆ ಸಾಕು, ನಿಮ್ಮಪ್ಪ ಹೋದಾಗಿನಿಂದ ನನಗೆ ಕೆಮ್ಮು ಬರುತ್ತಿತ್ತು. ಬರುತ್ತಿತ್ತು ಏನು, ಬರಿಸಿಕೊಳ್ಳುತ್ತಿದ್ದೆ. ಪಾದ್ರಿಯವರು ಪಾಪ, ಕಷಾಯ ಕುಡಿಯಮ್ಮ ಅನ್ನುತ್ತಿದ್ದರು. ಬೇಲಿ ಹತ್ತಿರ ಕೆಮ್ಮಿ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಅಶ್ವತ್ಥಮ್ಮ ಕೊನೆಗೆ ಬಾಯಿ ಬಿಟ್ಟಳು: "ಅಕ್ಕಾ, ಹಸಿವಿಗೆ ತಲೆ ಎತ್ತಿ ಎತ್ತಿ ಹುಡುಕ್ತಾವೆ. ನೋಡಕ್ಕಾಗಲ್ಲ." ಹುಳು ಸಾಕಿದ ಯಾವ ಹೆಂಗಸಿಗೂ ಅದನ್ನು ಕೇಳಿ ಸುಮ್ಮನಿರಲು ಆಗುವುದಿಲ್ಲ. ಸುಗುಣಳಿಗೆ ಕುಡುಗೋಲು ತಗೊಂಡು ಬಾ ಅಂದೆ.

ಸುಗುಣ ಗೊಣಗಿಕೊಂಡೇ ಕೊಯ್ದಳು. ಮೊದಲ ಹೊರೆಯನ್ನು ಅವರ ಹುಳುಮನೆಯ ಬಾಗಿಲಲ್ಲಿ ಇಳಿಸಿ ಹಿಂದಕ್ಕೆ ಸರಿದೆವು. ಹೊರಗಿನವರು ಒಳಗೆ ಕಾಲಿಡುವ ಪದ್ಧತಿ ಇಲ್ಲ, ಅದರಲ್ಲೂ ನಾವು. ಒಳಗಿದ್ದ ಆವಲಪ್ಪ ತಲೆ ಎತ್ತದೆ, "ಕಾಲು ತೊಳ್ಕೊಂಡು ಬಂದು ಹಾಕಮ್ಮ, ನಮ್ಮಿಬ್ರ ಕೈಲಿ ಸಾಕಾಗಲ್ಲ" ಅಂದ. ಒಳಗೆ ಹೋಗಿ ನಾನೂ ಸುಗುಣಳೂ ತಟ್ಟೆ ತಟ್ಟೆಗೂ ಸೊಪ್ಪು ಹರವಿದೆವು. ಹುಳು ಹಣ್ಣಾಗಿ ಗೂಡು ಕಟ್ಟುವ ತನಕ ದಿನಾ ಹಾಗೇ ನಡೆಯಿತು. ಅಷ್ಟೂ ಉಳಿಯಲಿಲ್ಲ, ಅರ್ಧ ಬೆಳೆ ಸಿಕ್ಕಿತು.

ಅವನು ಕ್ಷಮೆ ಕೇಳಿದನಾ ಅಂತ ನೀನು ಕೇಳುತ್ತೀಯ. ಇಲ್ಲ. ಆ ಮಾತು ಅವನ ಬಾಯಿಗೆ ಬರುವಂಥದ್ದಲ್ಲ. ಗೂಡು ಬಿಡಿಸಿದ ದಿನ ನಮ್ಮ ಅಂಗಳಕ್ಕೆ ಬಂದು ಕಂಬ ಹಿಡಿದು ನಿಂತ. "ಜ್ಞಾನಕ್ಕ, ಬದುವಿನ ಮುಳ್ಳು ತೆಗೆಸಿದೀನಿ" ಅಂದ. ಅಷ್ಟೇ. ಕಾಫಿ ಕೊಟ್ಟೆ. ನಮ್ಮ ಮನೆ ಲೋಟ ಅವನ ಕೈಯಲ್ಲಿ ಒಂದು ಕ್ಷಣ ನಿಂತಿತು, ಆಮೇಲೆ ಕುಡಿದ.

ಮಾರನೆಯ ದಿನ ನಾನೊಬ್ಬಳೇ ಆ ಬದುವಿನ ಮೇಲೆ ಸಮಾಧಿಗೆ ಹೋದೆ. ಜಯಶೀಲ, ಅದು ಎಷ್ಟು ಹತ್ತಿರ ಕಣಪ್ಪ. ಬಾಯಲ್ಲಿದ್ದ ಎಲೆ ಅಡಿಕೆ ಅಗಿದು ಮುಗಿಯುವುದರೊಳಗೆ ತಲುಪಿಬಿಟ್ಟೆ. ಇಷ್ಟು ಸಣ್ಣ ದಾರಿಗಾಗಿ ನಿಮ್ಮಪ್ಪನನ್ನು ನೀರಲ್ಲಿ ಸುತ್ತಿಸಿದರಲ್ಲ ಅಂತ ಅಲ್ಲಿ ಕೂತು ಚೆನ್ನಾಗಿ ಅತ್ತೆ. ಕೋಪ ಬರಲಿಲ್ಲ, ದುಃಖ ಮಾತ್ರ ಬಂತು. ಸೊಪ್ಪು ಕೊಟ್ಟದ್ದಕ್ಕೆ ನಿಮ್ಮಪ್ಪ ನನ್ನನ್ನು ಬೈಯುತ್ತಿರಲಿಲ್ಲ. ಕೊಡದಿದ್ದರೆ ಬೈಯುತ್ತಿದ್ದರು.

ಎಸ್ತರಳಿಗೆ ಬಾಣಂತಿ ಮೈಯಲ್ಲಿ ತಣ್ಣೀರು ಮುಟ್ಟಬೇಡ ಅಂತ ಹೇಳು. ಮಗುವಿಗೆ ಸುಗುಣ ಕುಲಾವಿ ಹೆಣೆದಿಟ್ಟಿದ್ದಾಳೆ. ನಿನ್ನ ಶಾಲೆಯ ಮಕ್ಕಳನ್ನು ಹೊಡೆಯಬೇಡ. ದೇವರು ನಿನ್ನ ಮನೆಯಲ್ಲಿ ಸಮಾಧಾನ ಇಡಲಿ, ನಿನ್ನ ಕೋಪಕ್ಕಿಂತ ನಿನ್ನ ಆಯಸ್ಸು ದೊಡ್ಡದಾಗಲಿ.

ನಿನ್ನ ಅಮ್ಮ,
ಜ್ಞಾನಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಕಾಫಿ ಕುಡಿದು ಎದ್ದು ಹೋಗುವಾಗ ಆವಲಪ್ಪ, "ಮಗ ಬತ್ತಾನಾ?" ಅಂತ ಕೇಳಿದ. ನಾನು ಲೋಟ ಎತ್ತಿಕೊಂಡು ಒಳಗೆ ಹೋದೆ. ನಿಮ್ಮಪ್ಪನಿಗೆ ದಾರಿ ಬಿಡದಿದ್ದುದನ್ನು ನಾನು ಕ್ಷಮಿಸಿದ್ದೇನೆ, ಇದು ಸತ್ಯ. ಆದರೆ ಅಂದಿನಿಂದ ನನ್ನ ಮಗ ನನ್ನ ಕೈಯ ಅನ್ನ ಉಂಡಿಲ್ಲ. ಒಂದೇ ಸಂಜೆಯಲ್ಲಿ ಆವಲಪ್ಪ ನನ್ನಿಂದ ಸತ್ತವರನ್ನೂ ಬದುಕಿರುವವನನ್ನೂ ದೂರ ಮಾಡಿದ. ಇದನ್ನು ಕ್ಷಮಿಸಲು ದಿನಾ ಪ್ರಾರ್ಥನೆ ಮಾಡುತ್ತೇನೆ, ಆಗುತ್ತಿಲ್ಲ. ಅವನಿಗೋಸ್ಕರ ಬಾ ಅಂತ ನಾನು ಕೇಳುವುದಿಲ್ಲ. ನನ್ನಿಂದ ಕ್ಷಮಿಸಲು ಆಗಬೇಕಾದರೆ ನೀನು ಮನೆಗೆ ಬರಬೇಕು ಕಣಪ್ಪ.