ಬೀಗಿತ್ತಿಯ ಹಿಂದಿನ ಸೀಟು

ಗುರುವಾರ, ಪ್ರಯಾಣದ ಮೂವತ್ತೊಂಬತ್ತನೆಯ ದಿನ
ಸಮುದ್ರದ ಎದುರಿನ ಹೋಟೆಲು, ಎರಡನೇ ಮಹಡಿ

ನನ್ನ ಮುದ್ದು ಪುಟ್ಟೀ,

ಕೈಕಾಲು ನೆಟ್ಟಗಿವೆ, ಹೊಟ್ಟೆತುಂಬ ಉಣ್ಣುತ್ತಿದ್ದೇನೆ, ಕಣ್ಣಿಗೆ ಹಾಕುವ ಔಷಧಿ ಒಂದು ಹೊತ್ತೂ ತಪ್ಪಿಸಿಲ್ಲ. ನೀನು ಮೊದಲು ಕೇಳುವುದು ಇವನ್ನೇ ಅಂತ ಗೊತ್ತಿರುವುದರಿಂದ ಮೊದಲೇ ಬರೆದುಬಿಟ್ಟೆ. ಇನ್ನು ಕೂತುಕೊಂಡು ಓದು. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಎರಡು ಮಾತಿಗೊಮ್ಮೆ ‘ಅಮ್ಮಾ!’ ಅಂತ ಕೂಗುತ್ತೀಯ. ಕಾಗದಕ್ಕೆ ಆ ಕಾಟವಿಲ್ಲ.

ನಿನ್ನೆ ಮಧ್ಯಾಹ್ನ ಎರಡು ಗಂಟೆಗೆ ಭೂಖಂಡದ ಈ ತುದಿ ಮುಟ್ಟಿದೆವು. ಐದು ದೇಶ ದಾಟಿ, ಹನ್ನೊಂದು ಸಾವಿರ ಕಿಲೋಮೀಟರು. ಹೊರಟಾಗ ಒಂಬತ್ತು ಬೈಕು, ಒಂದು ವ್ಯಾನು. ತಲುಪಿದ್ದು ಎಂಟು ಬೈಕು, ಅದೇ ವ್ಯಾನು. ಗಾಬರಿಯಾಗಬೇಡ, ಒಂಬತ್ತನೆಯದರ ಕಥೆ ಮುಂದಿದೆ. ಸಮುದ್ರ ಕಂಡ ತಕ್ಷಣ ಅರವತ್ತು ದಾಟಿದ ನಮ್ಮ ಕ್ಯಾಪ್ಟನ್ ಬೂಟು ಕಳಚದೆ ಸೀದಾ ನೀರಿಗೆ ನಡೆದುಬಿಟ್ಟರು.

ಹೊರಡುವ ಮುಂಚೆ ನಿನಗೊಂದು ಮಾತು ಕೊಟ್ಟಿದ್ದೆ. ವ್ಯಾನಿನಲ್ಲೇ ಕೂತಿರುತ್ತೇನೆ, ಬೈಕು ಹತ್ತುವುದಿಲ್ಲ ಅಂತ. ಐವತ್ತೆಂಟು ವಯಸ್ಸು, ಕಣ್ಣಿನ ಆಪರೇಷನ್ ಆಗಿ ವರ್ಷ ತುಂಬಿಲ್ಲ, ಮಂಡಿ ಬೇರೆ, ಎಂದು ನೀನು ಒಂದೊಂದೇ ಬೆರಳು ಮಡಚಿ ಹೇಳಿದ್ದೆ. ನಾನೂ ಒಪ್ಪಿದ್ದೆ. ಈ ಬೈಕಿನವರು ನನ್ನನ್ನು ಕರೆದುಕೊಂಡು ಬಂದದ್ದೂ ಹೊಲಿಗೆಗೆ ತಾನೆ? ಹರಿದ ಬ್ಯಾಗು, ಟೆಂಟು, ಸೀಟು ಸರಿಮಾಡಲು ಇಪ್ಪತ್ತಾರು ವರ್ಷ ಬೈಕಿನ ಸೀಟು ಹೊಲಿದವಳಿಗಿಂತ ಇನ್ಯಾರು ಸಿಗುತ್ತಾರೆ? ಕೊಟ್ಟ ಮಾತನ್ನು ಹದಿನೇಳು ದಿನ ಉಳಿಸಿಕೊಂಡೆ. ಹದಿನೆಂಟನೆಯ ದಿನ ಮುರಿದೆ.

ಅದಕ್ಕೂ ಮುಂಚೆ ಇನ್ನೊಂದು ವಿಷಯ. ನಿನ್ನ ಅತ್ತೆಯವರು ತಂಗಿಯ ಮನೆಗೆ ಹೋಗಿಲ್ಲ. ಅವರೂ ಇಲ್ಲೇ ಇದ್ದಾರೆ, ನನ್ನ ಜೊತೆ. ಈಗ ಪಕ್ಕದ ಮಂಚದಲ್ಲಿ ಮಲಗಿ ಸಣ್ಣಗೆ ಗೊರಕೆ ಹೊಡೆಯುತ್ತಿದ್ದಾರೆ.

ನೀರು ಕುಡಿದು ಬಂದೆಯಾ? ಸರಿ, ಮುಂದೆ ಓದು.

ಹೊರಡುವ ದಿನ ಬೆಳಿಗ್ಗೆ ನಾನು ಸೂಜಿ, ದಾರ, ಫೋಮಿನ ಹಾಳೆಗಳನ್ನು ವ್ಯಾನಿಗೆ ತುಂಬುತ್ತಿದ್ದೆ. ನೀಲಿ ಬೈಕಿನಿಂದ ಇಳಿದ ಒಬ್ಬರು ಹೆಲ್ಮೆಟ್ ತೆಗೆದರು. ನೋಡಿದರೆ ನಮ್ಮ ಬೀಗಿತ್ತಿ! ನನ್ನ ಕೈಯಲ್ಲಿದ್ದ ದಾರದ ಉಂಡೆ ಉರುಳಿ ಅವರ ಬೂಟಿನ ಹತ್ತಿರ ಹೋಗಿ ನಿಂತಿತು. ಅವರು ಅದನ್ನು ಎತ್ತಿ ನನ್ನ ಕೈಗಿಡದೆ ವ್ಯಾನಿನ ಮೆಟ್ಟಿಲ ಮೇಲಿಟ್ಟು ಹೋದರು. ಗುಂಪಿನವರೆಲ್ಲ ಅವರನ್ನು ಕರೆಯುವುದು ಹೆಡ್ ಮೇಡಂ ಅಂತ. ಶಾಲೆಯಿಂದ ನಿವೃತ್ತಿಯಾದ ಮೇಲೆ ಮೂರು ವರ್ಷ ಪ್ರತಿ ಭಾನುವಾರ ಲೈಬ್ರರಿಗೆ ಅಂತ ಹೊರಡುತ್ತಿದ್ದರಲ್ಲ, ಹೋಗುತ್ತಿದ್ದದ್ದು ಈ ಬೈಕಿನ ಕ್ಲಬ್ಬಿಗೆ. ಭಾನುವಾರ ಲೈಬ್ರರಿ ಮುಚ್ಚಿರುತ್ತದೆ ಎಂಬುದು ನಿಮ್ಮ ಮನೆಯ ಇಷ್ಟು ಜನ ಬುದ್ಧಿವಂತರಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ?

ಮೊದಲ ಎಂಟು ದಿನ ನಾವಿಬ್ಬರೂ ಮಾತಾಡಲಿಲ್ಲ. ನಿನ್ನ ಮನೆಯಲ್ಲಿ ನಾಲ್ಕು ವರ್ಷ ಹೇಗಿದ್ದೆವೋ ಇಲ್ಲೂ ಹಾಗೇ. ಅಲ್ಲಾದರೆ ನಾನು ಅಡುಗೆಮನೆಯಲ್ಲಿ, ಅವರು ಹಜಾರದಲ್ಲಿ. ನಡುವೆ ಓಡಾಡಿ ‘ಅತ್ತೆ ಟೀ ಸಾಕಾ ಅಂತ ಕೇಳ್ತಿದ್ದಾರೆ’, ‘ಅಮ್ಮ ಹೊರಡ್ತೀನಿ ಅಂತಿದ್ದಾಳೆ’ ಎಂದು ಮಾತು ಮುಟ್ಟಿಸಲು ನೀನಿದ್ದೆ. ಇಲ್ಲಿ ನೀನಿರಲಿಲ್ಲ. ವ್ಯಾನು ಓಡಿಸುವವರನ್ನು ಆ ಕೆಲಸಕ್ಕೆ ಹಚ್ಚೋಣವೆಂದರೆ ಅವರಿಗೆ ಒಂದು ಕಿವಿ ಮಂದ. ನಮ್ಮ ಕೋಪ ಯಾಕೆ ಅಂತ ನೀನು ಎಷ್ಟೋ ಸಲ ಕೇಳಿದ್ದೆ, ನಾನು ಬಾಯಿ ಬಿಟ್ಟಿರಲಿಲ್ಲ. ನೀನು ಆ ಮನೆಗೆ ಹೋದ ಮೊದಲ ವಾರ ನಿನ್ನ ಪೆಟ್ಟಿಗೆ ತಲುಪಿಸಲು ಬಂದಿದ್ದೆನಲ್ಲ, ಆಗ ಬಾಗಿಲ ಹೊರಗೆ ನನಗೆ ಕೇಳಿಸಿತ್ತು. ‘ಸೀಟು ಹೊಲಿಯೋರ ಮನೆ ಹುಡುಗಿ, ನಯ ನಾಜೂಕು ಎಲ್ಲಿಂದ ಬರಬೇಕು’ ಅಂತ ಅವರು ಯಾರಿಗೋ ಹೇಳುತ್ತಿದ್ದರು. ನನ್ನನ್ನು ಅಂದಿದ್ದರೆ ನುಂಗಿಕೊಳ್ಳುತ್ತಿದ್ದೆ. ನಿನ್ನನ್ನು ಅಂದರು.

ಒಂಬತ್ತನೆಯ ದಿನ ದಾರಿ ಬರೀ ಬಯಲು. ನಮ್ಮ ವ್ಯಾನಿನ ಮುಂದೆಯೇ ಅವರ ಬೈಕು. ಬೆಳಗಿನಿಂದ ನೋಡುತ್ತಿದ್ದೇನೆ, ಅವರು ಎಡಕ್ಕೆ ವಾಲುತ್ತಾರೆ, ನೆಟ್ಟಗಾಗುತ್ತಾರೆ, ಮತ್ತೆ ವಾಲುತ್ತಾರೆ. ನನ್ನ ಕಣ್ಣು ಮಸುಕಾಗಿದ್ದಾಗಲೂ ಸೀಟಿನ ದೋಷ ನನಗೆ ಕಾಣದೆ ಹೋದದ್ದಿಲ್ಲ. ಪೆಟ್ರೋಲ್ ಬಂಕಿನಲ್ಲಿ ಊಟಕ್ಕೆ ನಿಂತಾಗ ಅವರಿಗೆ ಬೈಕಿನಿಂದ ಇಳಿಯಲಾಗಲಿಲ್ಲ. ಹಲ್ಲು ಕಚ್ಚಿಕೊಂಡು ಹ್ಯಾಂಡಲ್ ಹಿಡಿದು ಕೂತೇ ಇದ್ದರು. ನನ್ನ ಕಾಲು ತಾನಾಗಿ ಅತ್ತ ಹೋಯಿತು.

‘ಫೋಮು ಎಡಗಡೆ ಕುಸಿದಿದೆ. ಅದಕ್ಕೇ ಸೊಂಟ ಹಿಡ್ಕೋತಿದೆ’ ಎಂದೆ.

‘ನಾನು ಕೇಳಿದ್ನಾ?’

‘ಇಲ್ಲ. ಆದ್ರೆ ನಂಗೆ ನೋಡ್ಕೊಂಡು ಸುಮ್ಮನಿರಕ್ಕಾಗ್ತಿಲ್ಲ.’

ಅವರು ನನ್ನ ಮುಖ ನೋಡಿದರು. ಆಮೇಲೆ ಮೆಲ್ಲಗೆ ತೋಳು ಚಾಚಿದರು. ಹಿಡಿದು ಇಳಿಸಿದೆ. ಅವರು ರೊಟ್ಟಿ ಸೂಪು ಮುಗಿಸುವಷ್ಟರಲ್ಲಿ ಸೀಟು ಬಿಚ್ಚಿ, ಬ್ರೆಡ್ಡು ಕೊಯ್ಯುವ ಚಾಕುವಿನಲ್ಲಿ ಹಳೆಯ ಫೋಮು ಕತ್ತರಿಸಿ, ಹೊಸತನ್ನು ಎರಡು ಪದರ ಅಂಟಿಸಿ ಹೊಲಿದೆ. ಕೂರಿಸಿ ನೋಡಿದೆ, ಬಲಗಡೆ ಬೆರಳಗಲ ತೆಗೆದೆ, ಮತ್ತೆ ಕೂರಿಸಿದೆ. ಒಂದು ಧನ್ಯವಾದವೂ ಇಲ್ಲದೆ ಹೊರಟುಹೋದರು.

ಮಾರನೆಯ ದಿನ ಸಂಜೆ ಮುನ್ನೂರು ಕಿಲೋಮೀಟರು ಓಡಿಸಿ ಬಂದು, ತಾವೇ ಕಾಲೆತ್ತಿ ಇಳಿದು, ಸೀದಾ ನನ್ನ ಹತ್ತಿರ ಬಂದರು. ‘ಅವತ್ತು ಪೆಟ್ಟಿಗೆ ತಂದಾಗ ನಾನು ಅಂದಿದ್ದು ನಿಮ್ಮ ಕಿವಿಗೆ ಬಿತ್ತು, ಅಲ್ವಾ?’ ಎಂದರು.

‘ಬಿತ್ತು’ ಎಂದೆ. ‘ಹಾಗಂದಿರಲಿಲ್ಲ, ನೀವು ತಪ್ಪು ತಿಳಿದುಕೊಂಡಿರಿ’ ಎನ್ನುತ್ತಾರೆ ಅಂದುಕೊಂಡೆ. ಅಂದಿದ್ದರೆ ಜಗಳಕ್ಕೆ ಸಿದ್ಧವಾಗಿಯೇ ಇದ್ದೆ.

‘ಅಂದಿದ್ದು ನಿಜ. ನಂದೇ ತಪ್ಪು. ಆ ಹುಡುಗಿ ನನ್ನ ಮಗನಿಗಿಂತ ನಯವಾಗಿದ್ದಾಳೆ. ಆಗ ನಂಗೆ ಗೊತ್ತಿರ್ಲಿಲ್ಲ, ಗೊತ್ತಾದ್ಮೇಲೆ ಹೇಳಕ್ಕೆ ನಾಚಿಕೆಯಾಯ್ತು.’

ಅದಕ್ಕೆ ನನ್ನ ತಪ್ಪನ್ನೂ ಒಪ್ಪಿಕೊಂಡೆ. ನಮ್ಮ ಅಂಗಡಿಯಲ್ಲಿ ನಾಲ್ಕು ವರ್ಷದಿಂದ ಅವರನ್ನು ಕಬ್ಬಿಣದ ಅಳತೆಪಟ್ಟಿ ಅಂತ ಕರೆಯುತ್ತಿದ್ದೆ ಅಂದೆ.

‘ಅಡಿಪಟ್ಟಿನಾ, ಮೀಟರ್ ಪಟ್ಟಿನಾ?’

‘ಮೀಟರಿಂದು.’

‘ಸದ್ಯ’ ಎಂದರು. ಆಮೇಲೆ ನಕ್ಕರು ನೋಡು! ನಾಲ್ಕು ವರ್ಷದಲ್ಲಿ ಅವರ ಹಲ್ಲು ನಾನು ನೋಡಿದ್ದು ಅದೇ ಮೊದಲು.

ಹದಿನೆಂಟನೆಯ ದಿನ ನಮ್ಮ ಒಂಬತ್ತನೆಯ ಬೈಕಿನವರು, ಊರಲ್ಲಿ ಬೇಕರಿ ಇಟ್ಟವರು, ಹೋಟೆಲಿನ ಮೆಟ್ಟಿಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡರು. ಎರಡು ಬೆಟ್ಟಸಾಲು ಬೈಕಿನಲ್ಲಿ ದಾಟಿದ ಮನುಷ್ಯ, ಬಿದ್ದದ್ದು ಹಲ್ಲುಜ್ಜಲು ಹೋಗುವಾಗ. ಬೈಕನ್ನು ಲಾರಿಯಲ್ಲಿ ಊರಿಗೆ ಸಾಗಿಸಿದರು. ಅವರು ಮಾತ್ರ ಸಮುದ್ರ ನೋಡದೆ ಹೋಗುವುದಿಲ್ಲ ಎಂದು ಹಟ ಹಿಡಿದರು. ವ್ಯಾನಿನಲ್ಲಿ ಡ್ರೈವರ್ ಬಿಟ್ಟರೆ ಒಂದೇ ಸೀಟು, ಅದು ನನ್ನದು. ಹಿಂದೆಲ್ಲ ಟಯರು, ಸಾಮಾನು. ನಾನು ಬಸ್ಸು ಹಿಡಿದು ವಾಪಸ್ಸು ಹೋಗುತ್ತೇನೆ ಎಂದೆ. ಹೆಡ್ ಮೇಡಂ ಒಂದು ಹೆಲ್ಮೆಟ್ ತಂದು ನನ್ನ ತಲೆಗೆ ತೊಡಿಸಿ, ಮಗುವಿಗೆ ಗುಂಡಿ ಹಾಕುವ ಹಾಗೆ ಗದ್ದದ ಕೆಳಗೆ ಪಟ್ಟಿ ಬಿಗಿದರು.

ಹೀಗೆ ನಾನು ಬೀಗಿತ್ತಿಯ ಹಿಂದಿನ ಸೀಟು ಹತ್ತಿದೆ. ಪುಟ್ಟೀ, ವ್ಯಾನಿನ ಕಿಟಕಿಯಲ್ಲಿ ದೇಶ ನೋಡುವುದೇ ಬೇರೆ, ಅದರ ಗಾಳಿ ಕುಡಿಯುವುದೇ ಬೇರೆ. ಕೊಯ್ದ ಹುಲ್ಲಿನ ವಾಸನೆ, ಬೇಕರಿಯ ಬೀದಿ, ಟಾರಿನ ಬಿಸಿ, ಎಲ್ಲ ಮೊದಲು ಮೂಗಿಗೆ ಬಂದು ಆಮೇಲೆ ಕಣ್ಣಿಗೆ ಬರುತ್ತಿತ್ತು. ನಿಂತಲ್ಲೆಲ್ಲ ನಾವು ಮಾತಾಡಿದ್ದೇ ಮಾತಾಡಿದ್ದು. ನೀನು ಚಿಕ್ಕವಳಿದ್ದಾಗ ನನ್ನ ಮಿಷನ್ನಿನ ಕೆಳಗೆ ರೆಗ್ಸಿನ್ ಚೂರು ಹಾಸಿ ಮಲಗುತ್ತಿದ್ದದ್ದನ್ನು ಅವರು ಮೂರು ಸಲ ಹೇಳಿಸಿದರು.

ಇಪ್ಪತ್ತನಾಲ್ಕನೆಯ ದಿನ ಒಂದು ಹೊಳೆ ಅಡ್ಡ ಬಂತು. ಮೊಣಕಾಲಿಗಿಂತ ಕಡಿಮೆ ನೀರು, ಅಡಿಯಲ್ಲಿ ಕಾಂಕ್ರೀಟು, ಅದರ ಮೇಲೆ ಪಾಚಿ. ವ್ಯಾನು ಸುತ್ತು ಹಾಕಿ ಸೇತುವೆಯ ಮೇಲೆ ಹೋಗಿತ್ತು. ಏಳು ಬೈಕು ದಾಟಿ ಗುಡ್ಡದ ಮರೆಯಾದವು. ಕೊನೆಯವರು ನಾವು. ನಡುನೀರಿನಲ್ಲಿ ಚಕ್ರ ಜಾರಿ ಇಬ್ಬರೂ ಧೊಪ್ಪೆಂದು ಬಿದ್ದೆವು. ನೀರು ಮಂಜಿನಂತೆ ಕೊರೆಯುತ್ತಿತ್ತು. ಎದ್ದು, ಬೈಕು ಎತ್ತಿ, ತಳ್ಳಿ ದಡ ಸೇರಿಸಿದ ಮೇಲೆ ನೋಡಿದರೆ ಅವರ ಎಡಗಾಲು ಉಳುಕಿ ಊದಿದೆ. ಗೇರು ಹಾಕುವ ಕಾಲು ಅದೇ. ಫೋನಿಗೆ ಸಿಗ್ನಲ್ ಇಲ್ಲ, ಮುಂದಿನ ಊರಿಗೆ ನಲವತ್ತೆರಡು ಕಿಲೋಮೀಟರು. ಚಳಿಗೆ ಅವರ ತುಟಿ ನೀಲಿಯಾಗುತ್ತಿತ್ತು.

‘ಬೈಕ್ ಓಡಿಸಕ್ಕೆ ಬರುತ್ತಾ?’ ಎಂದು ಕೇಳಿದರು.

ಬರುತ್ತದೆ ಎಂದೆ. ಹೊಲಿದ ಪ್ರತಿ ಸೀಟನ್ನೂ ನಾನೇ ಕೂತು ಪರೀಕ್ಷೆ ಮಾಡುತ್ತಿದ್ದದ್ದು ನಿನಗೂ ಗೊತ್ತು. ಅಂಗಡಿಯಿಂದ ಬೀದಿಯ ಕೊನೆ, ಅಲ್ಲಿಂದ ವಾಪಸ್ಸು. ಸಾವಿರಾರು ಬೈಕು, ಒಂದೇ ಬೀದಿ. ಮೂರನೇ ಗೇರು ದಾಟಿದವಳಲ್ಲ. ಲೈಸೆನ್ಸು ಮಾತ್ರ ಪರ್ಸಿನಲ್ಲಿತ್ತು.

ಒಂದು ಕಲ್ಲಿನ ಮೇಲೆ ನಿಂತು ಬೈಕು ಹತ್ತಿದೆ. ಅವರು ಹಿಂದೆ ಕೂತು ನನ್ನ ಸೊಂಟ ಹಿಡಿದರು. ಮೂರು ಕಿಲೋಮೀಟರು ಎರಡನೇ ಗೇರಿನಲ್ಲೇ ಹೋದೆ. ಹಿಂದಿನಿಂದ ಭುಜ ತಟ್ಟಿ, ‘ಇಂಜಿನ್ ಅಳ್ತಾ ಇದೆ ಕಣ್ರೀ, ಗೇರ್ ಹಾಕಿ!’ ಎಂದು ಕೂಗಿದರು. ಮೂರು ಹಾಕಿದೆ. ನಾಲ್ಕು ಹಾಕಿದೆ. ಗುಡ್ಡದ ತಿರುವು ದಾಟಿದ ಮೇಲೆ ರಸ್ತೆ ಹಾಸಿದ ಬಟ್ಟೆಯ ಹಾಗೆ ನೇರವಾಗಿ ಬಿದ್ದಿತ್ತು. ಐದು ಹಾಕಿದೆ. ಪುಟ್ಟೀ, ಆಗ ನನ್ನ ಬಾಯಿಂದ ಒಂದು ಕೂಗು ಬಂತು. ಏನು ಕೂಗಿದೆನೋ ನೆನಪಿಲ್ಲ. ಹಿಂದಿನಿಂದ ಹೆಡ್ ಮೇಡಂ ಅದಕ್ಕಿಂತ ಜೋರಾಗಿ ಕೂಗಿದರು.

ನಮ್ಮನ್ನು ಹುಡುಕಿಕೊಂಡು ಕ್ಯಾಪ್ಟನ್ ಮತ್ತಿಬ್ಬರು ಎದುರು ಬಂದರು, ಕೈ ಬೀಸಿ ನಿಲ್ಲಿಸಲು ಹೇಳಿದರು. ನಿಲ್ಲಿಸಲಿಲ್ಲ. ನಿಲ್ಲಿಸಿದರೆ ನನ್ನ ಕಾಲು ನೆಲಕ್ಕೆ ಎಟಕುತ್ತದೋ ಇಲ್ಲವೋ ಎಂಬ ಭಯ. ಅವರೇ ತಿರುಗಿಸಿಕೊಂಡು ಊರಿನವರೆಗೂ ನನ್ನ ಹಿಂದೆ ಬಂದರು. ಆಸ್ಪತ್ರೆಯ ಮುಂದೆ ನಾಲ್ಕು ಜನ ಬೈಕು ಹಿಡಿದುಕೊಂಡ ಮೇಲೆಯೇ ನಾನು ಇಳಿದದ್ದು.

ಆ ಸಂಜೆ ನೀನು ಫೋನು ಮಾಡಿದಾಗ ಸೀನುತ್ತಿದ್ದೆನಲ್ಲ, ವ್ಯಾನಿನ ಏಸಿ ಜಾಸ್ತಿ ಅಂದೆ. ಅದೇ ಹೊತ್ತಿಗೆ ಪಕ್ಕದಲ್ಲಿ ಕೂತು ನಿನ್ನ ಅತ್ತೆ ತಮ್ಮ ಮಗನಿಗೆ ಫೋನಿನಲ್ಲಿ, ತಂಗಿ ಮನೆಯಲ್ಲಿ ಫ್ಯಾನು ಜೋರು ಅಂತ ಸೀನುತ್ತ ಹೇಳುತ್ತಿದ್ದರು. ಡಾಕ್ಟರು ಬರೀ ಉಳುಕು ಎಂದರು. ಎರಡು ದಿನ ವಿಶ್ರಾಂತಿ ತೆಗೆದುಕೊಂಡೆವು. ಮೂರನೆಯ ದಿನ ನಮ್ಮ ನೀಲಿ ಬೈಕೂ ಸಾಲು ಸೇರಿತು. ಆಮೇಲೆ ಯಾರೂ ಬೀಳಲಿಲ್ಲ.

ಇನ್ನು ಮೇಲೆ ನೀನು ಅಡುಗೆಮನೆಗೂ ಹಜಾರಕ್ಕೂ ಓಡಾಡುವ ಹಾಗಿಲ್ಲ, ಟೀ ಸಾಕೋ ಬೇಕೋ ನಾವೇ ಕೇಳಿಕೊಳ್ಳುತ್ತೇವೆ. ನಾಲ್ಕು ವರ್ಷ ನಿನ್ನನ್ನು ಬಾಗಿಲಲ್ಲಿ ನಿಲ್ಲಿಸಿದ್ದಕ್ಕೆ ನನ್ನನ್ನು ಕ್ಷಮಿಸು. ಮುಂದಿನ ಬುಧವಾರ ವಿಮಾನದಲ್ಲಿ ಬರುತ್ತೇವೆ. ಬೈಯುವುದಿದ್ದರೆ ಇಬ್ಬರಿಗೂ ಸೇರಿಸಿ ಒಂದೇ ಸಲ ಬೈದುಬಿಡು.

ಕೊಟ್ಟ ಮಾತು ಮುರಿದು, ಹೇಳಲಾರದಷ್ಟು ಸುಖವಾಗಿರುವ,
ನಿನ್ನ ಅಮ್ಮ

ಮ.ಬ.: ನಿನ್ನ ಅತ್ತೆ ಎದ್ದರು, ಕಾಗದ ಕೇಳಿ ಓದಿದರು. ಹದಿನಾಲ್ಕು ಕಾಗುಣಿತ ತಿದ್ದಿದರು. ಆಮೇಲೆ, ‘ಮುಖ್ಯ ಉತ್ತರಾನೇ ಬಿಟ್ಟಿದ್ದೀರಲ್ರೀ, ಬರೀರಿ’ ಎಂದು ಪೆನ್ನು ಕೈಗಿಟ್ಟು ಬೆನ್ನ ಹಿಂದೆಯೇ ನಿಂತಿದ್ದಾರೆ. ಬರೆಯುತ್ತಿದ್ದೇನೆ. ಅವರ ಕಾಲಿಗೆ ಗೇರು ಒತ್ತುವ ಶಕ್ತಿ ಇನ್ನೂ ಬಂದಿಲ್ಲ. ಆ ಹೊಳೆಯಿಂದ ಈ ಸಮುದ್ರದವರೆಗೆ, ಮೂರು ಸಾವಿರದ ಎಂಟುನೂರು ಕಿಲೋಮೀಟರು ಬೈಕು ಓಡಿಸಿದ್ದು ನಾನು.