ಹುಳದ ಮನೆಯ ಚಿಲಕ

ನಿಡಘಟ್ಟ
೧೮-೨-೨೦೨೫, ಮಂಗಳವಾರ

ಅತ್ತೆಯವರಿಗೆ ದೀಪಿಕ ಮಾಡುವ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ಮೊಮ್ಮಗ ಯತೀಶ ಚೆನ್ನಾಗಿದ್ದಾನೆ, ರೇಷ್ಮೆ ಹುಳವೂ ಚೆನ್ನಾಗಿದೆ. ಆತುರದಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡಿ.

ಫೋನು ಯಾಕೆ ಮಾಡಲಿಲ್ಲ ಎಂದರೆ, ಭಾನುವಾರ ಅವನು ನನ್ನ ಫೋನನ್ನು ದೋಸೆ ಹಿಟ್ಟಿನಲ್ಲಿ ಮುಳುಗಿಸಿದ. ಅದರ ಹಿಂದಿನ ದಿನ ನಿಮ್ಮ ಸುಣ್ಣದ ಡಬ್ಬಿ ತೆಗೆದು ಬೆಕ್ಕಿಗೆ ವಿಭೂತಿ ಬಳಿದಿದ್ದ. ನೀವು ಮಗಳ ಬಾಣಂತನಕ್ಕೆಂದು ಮಳವಳ್ಳಿಗೆ ಹೋದ ಮೇಲೆ ಈ ಮೂರೂವರೆ ವರ್ಷದವನನ್ನು ಹಿಡಿಯುವವರೇ ಇಲ್ಲ. ನಿಮ್ಮ ಮಗನ ಫೋನಿನಲ್ಲಿ ಮಾತಾಡಬಹುದಿತ್ತು. ಆದರೆ ಇದು ಅವರಿಗಿಂತ ಮೊದಲು ನಿಮಗೇ ಗೊತ್ತಾಗಬೇಕು.

ಇವತ್ತು ಹನ್ನೊಂದು ಗಂಟೆಗೆ ಮುದ್ದೆಗೆ ಎಸರಿಟ್ಟು, ಅದು ಕಾಯುವಷ್ಟರಲ್ಲಿ ಸೊಪ್ಪು ಹಾಕಿ ಬರೋಣವೆಂದು ಹಿತ್ತಲಿನ ಹುಳದ ಮನೆಗೆ ಹೋದೆ. ಇನ್ನೆರಡು ದಿನಕ್ಕೆ ಹಣ್ಣಾಗಿ ಗೂಡು ಕಟ್ಟುವ ಹುಳ, ಎಷ್ಟು ಹಾಕಿದರೂ ಸಾಲದು. ಬೆನ್ನ ಹಿಂದೆ ಟಕ್ ಎಂದಿತು. ತಳ್ಳಿದರೆ ಬಾಗಿಲು ಅಲುಗಲಿಲ್ಲ. ಎರಡು ಕೈಯಲ್ಲೂ ಸೊಪ್ಪಿನ ಹೊರೆ ಇರುವಾಗ ಕಾಲಿನಲ್ಲೇ ಸರಿಸಲು ಸಿಗಲಿ ಎಂದು ಹೊರಗಡೆ ಕೆಳಗೆ ಹಾಕಿಸಿದ್ದೀರಲ್ಲ, ಆ ಚಿಲಕ ಈಗ ಯತೀಶನ ಎದೆಮಟ್ಟಕ್ಕಿದೆ.

ಕಿಟಕಿಯ ಹತ್ತಿರ ಬಂದು ದೊಡ್ಡ ಮನುಷ್ಯನ ಹಾಗೆ ಹೇಳಿದ: “ಅಮ್ಮ, ನೀನು ಉಳಕ್ಕೆ ಸೊಪ್ಪಾಕು. ಇಟ್ಟು ನಾನ್ ತೊಳಸ್ತೀನಿ.”

ಕಿಟಕಿಗೆ ಕಟ್ಟಿದ ನೊಣದ ಪರದೆಯ ಆಚೆ, ತೆರೆದ ಹಿತ್ತಲ ಬಾಗಿಲಿನಲ್ಲಿ ಅಡಿಗೆಮನೆ ಪೂರ್ತಿ ಕಾಣುತ್ತಿತ್ತು. ಸ್ಟೂಲು ಎಳೆದ. ತನಗಿಂತ ಎತ್ತರದ ಮುದ್ದೆಕೋಲು ಹಿಡಿದು ಹತ್ತಿದ. ಎಸರು ತಕತಕ ಕುದಿಯುತ್ತಿದೆ, ಆವಿ ಅವನ ಮುಖಕ್ಕೇ ಹೊಡೆಯುತ್ತಿದೆ. ಚಾಕಲೇಟು ಕೊಡುತ್ತೇನೆ ಬಾ ಎಂದೆ, ಆಮೇಲೆ ಎಂದ. ಕಿಟಕಿಯ ಕಂಬಿ ಹಿಡಿದು ಗಂಟಲು ಹರಿಯುವ ಹಾಗೆ ಕೂಗಿದೆ. ದೇವರಾಣೆ ಅತ್ತೆ, ಅಷ್ಟು ಭಯ ನನಗೆ ಹೆರಿಗೆಯಲ್ಲೂ ಆಗಿರಲಿಲ್ಲ.

ಕೋಲು ಪಾತ್ರೆಗೆ ಇಳಿಯಿತು, ಪಾತ್ರೆ ವಾಲಿತು. ಅಷ್ಟರಲ್ಲಿ ಯಾರೋ ಕಾಂಪೌಂಡು ಹಾರಿ ಬಂದು ಅವನನ್ನು ಸೊಂಟ ಹಿಡಿದು ಎತ್ತಿಕೊಂಡರು. ನೀರೆಲ್ಲ ಅವರ ಕಾಲಿನ ಪಕ್ಕದಲ್ಲೇ ಚೆಲ್ಲಿತು. ನೋಡಿದರೆ ಪಕ್ಕದ ಮನೆ ಶಿವರಾಜಣ್ಣ.

ಹೌದು, ಅವರೇ. ಸಂಕ್ರಾಂತಿಯ ಮಾರನೆಯ ದಿನ ನೀವು ಅದೇ ಹುಳದ ಮನೆಯಲ್ಲಿ ಒಂದು ಗಂಟೆ ಸಿಕ್ಕಿಹಾಕಿಕೊಂಡಿರಲ್ಲ, ಆಗ ಸೊಪ್ಪು ಇಳಿಸಿ ಹೋದ ಇವರೇ ಚಿಲಕ ಹಾಕಿದ್ದೆಂದು ಬೀದಿಗೆಲ್ಲ ಕೇಳುವಂತೆ, “ಇನ್ನೊಂದ್ಸಲ ನನ್ ಬಾಗ್ಲು ತುಳೀಬ್ಯಾಡ ಕಣ್ಲಾ” ಎಂದಿದ್ದಿರಿ. ಅವತ್ತಿನಿಂದ ಅವರು ಈ ಕಡೆ ತಲೆ ಹಾಕಿರಲಿಲ್ಲ.

ಒಲೆ ಆರಿಸಿ, ಮಗುವನ್ನು ಕಂಕುಳಲ್ಲಿಟ್ಟುಕೊಂಡೇ ಬಂದು ಚಿಲಕ ತೆಗೆದರು. “ಸುಮ್ಕಿರವ್ವ, ಮಗೀಗೇನೂ ಆಗಿಲ್ಲ” ಎಂದರು. ಕಾಫಿ ಕುಡಿದು ಹೋಗಿ ಎಂದು ಕೈಮುಗಿದೆ. “ನಿಮ್ಮತ್ತೆ ಬ್ಯಾಡ ಅಂದವ್ರೆ, ಬುಡು” ಎಂದು ಹೊರಟರು. ಅವರ ಎಡಗಾಲಿನ ಬೆರಳುಗಳು ಸುಟ್ಟು ಕೆಂಪಾಗಿದ್ದವು. ನನಗೆ ಅಳು ತಡೆಯಲಾಗಲಿಲ್ಲ.

ಸಂಕ್ರಾಂತಿಯಲ್ಲಿ ನಿಮ್ಮ ಮೇಲೆ ಚಿಲಕ ಹಾಕಿದ್ದೂ ಈ ಯತೀಶನೇ ಇರಬಹುದು ಅತ್ತೆ. ಯೋಚಿಸಿ ನೋಡಿ. ಚಿಲಕವನ್ನು ಸಂಜೆಯೇ ಮೇಲಕ್ಕೆ ಹಾಕಿಸುತ್ತೇನೆ. ಬಾಣಂತಿಗೂ ಕೂಸಿಗೂ ನನ್ನ ಪ್ರೀತಿ ಹೇಳಿ.

ನಿಮ್ಮ ದಾರಿ ಕಾಯುತ್ತಿರುವ ಸೊಸೆ,
ದೀಪಿಕ

ತಾ.ಕ.: ಮೇಲೆ ‘ಇರಬಹುದು’ ಎಂದು ಬರೆದಿರುವುದು ಸುಳ್ಳು. ಅವತ್ತು ಅವನು ಚಿಲಕ ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಆ ಬೆಳಿಗ್ಗೆ ನನ್ನ ಮುದ್ದೆಯಲ್ಲಿ ಗಂಟಿದೆ ಎಂದು ಎದುರುಮನೆ ಬೆಳ್ಳಮ್ಮನ ಮುಂದೆ ಆಡಿಕೊಂಡಿದ್ದಿರಿ. ಆ ಸಿಟ್ಟಿಗೆ ಒಂದು ಗಂಟೆ ಸುಮ್ಮನಿದ್ದೆ. ಜಾಣ ಮಗ ಎಂದು ಅವನಿಗೆ ಮುತ್ತನ್ನೂ ಕೊಟ್ಟೆ. ಶಿವರಾಜಣ್ಣ ಬೈಸಿಕೊಳ್ಳುವಾಗಲೂ ಬಾಯಿ ಬಿಡಲಿಲ್ಲ. ಇದನ್ನೆಲ್ಲ ಮಧ್ಯಾಹ್ನ ಅವರ ಮನೆಗೇ ಹೋಗಿ ಹೇಳಿದ್ದೇನೆ. ಈ ಕಾಗದ ತಂದು ಕೊಟ್ಟವರು ಅವರೇ. ಬಾಗಿಲಲ್ಲೇ ನಿಲ್ಲಿಸಬೇಡಿ ಅತ್ತೆ, ಒಳಗೆ ಕರೆಯಿರಿ.